ನಿನ್ನೆ ಏನು ಉಂಡಿರಿ? ಮನೆಯ ಸೌಟಿನಿಂದಲೇ ಊಟದ ಲೆಕ್ಕ ಬರೆಯುವ ಬಗೆ

ಉತ್ತರ ಕನ್ನಡ ಜಿಲ್ಲೆಯ ಅಂಕೋಲೆಯ ಹತ್ತಿರ, ಸಮುದ್ರದ ಬದಿಯ ಒಂದು ಕೇರಿ. ಮೀನು ಮಾರುವ ಒಬ್ಬ ಅಕ್ಕನ ಮನೆಯ ಜಗಲಿಯಲ್ಲಿ ಕೂತಿದ್ದೆ. ಆಹಾರ ಸಮೀಕ್ಷೆಯ ಕೆಲಸಕ್ಕೆ ಸೇರಿ ಆಗಿನ್ನೂ ಎರಡು ತಿಂಗಳಾಗಿತ್ತು. ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು, "ನಿನ್ನೆ ಏನೇನು ಊಟ ಮಾಡಿದ್ರಿ ಅಕ್ಕಾ?" ಅಂತ ಕೇಳಿದೆ.

"ಎಂತಾ ತಿಂಬುದು ತಂಗಿ? ಬೆಳಿಗ್ಗೆ ಚಾ. ಮಧ್ಯಾಹ್ನ ಅನ್ನ, ಬಂಗಡೆ ಸಾರು. ರಾತ್ರಿಗೂ ಅದೇಯಾ."

ಬರೆದುಕೊಂಡೆ. ಅನ್ನ ಇಷ್ಟು, ಬಂಗಡೆ ಹೊತ್ತಿಗೊಂದು, ಚಾ ಒಂದು ಲೋಟ. ಐದು ನಿಮಿಷದಲ್ಲಿ ಕೆಲಸ ಮುಗೀತು. ಮನೆಗೆ ಬಂದು ಲೆಕ್ಕ ಹಾಕಿದೆ. ದಿನಕ್ಕೆ ಬೇಯಿಸದ ಅಕ್ಕಿಯ ಲೆಕ್ಕದಲ್ಲಿ 300 ಗ್ರಾಂ, ಅದರಿಂದ ಸುಮಾರು 23 ಗ್ರಾಂ ಪ್ರೋಟೀನ್. ಎರಡು ಬಂಗಡೆಯ ಮಾಂಸದಿಂದ ಇನ್ನೊಂದು 23. ಚಾದ ಹಾಲಿನಿಂದ 1. ಒಟ್ಟು 47. ಅಕ್ಕನ ತೂಕ 52 ಕಿಲೋ, ಬೇಕಾದದ್ದು 43. "ಪ್ರೋಟೀನ್ ಸಾಕು" ಅಂತ ಷರಾ ಬರೆದೆ.

ಅಕ್ಕನಿಗೆ ಆಗ ಮೀನಿನ ಬುಟ್ಟಿ ಹೊತ್ತು ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತಿತ್ತು. ರಕ್ತದ ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ ಬರೀ 8.6 ಇತ್ತು, ಅಂದರೆ ರಕ್ತಹೀನತೆ. ನನಗೆ ಕೆಲಸ ಕಲಿಸಿದ ಮೇಡಂ ನನ್ನ ಪುಟ ನೋಡಿದರು. ಒಂದೇ ಪ್ರಶ್ನೆ ಕೇಳಿದರು. "ಬಂಗಡೆ ಸಾರು ಅಂತ ಬರೆದಿದ್ದೀಯ. ಬಂಗಡೆ ಅವರ ತಟ್ಟೆಗೆ ಬಿತ್ತಾ?"

ನಾನು ಅದನ್ನು ಕೇಳಿಯೇ ಇರಲಿಲ್ಲ.

ಎರಡು ದಿನ ಬಿಟ್ಟು ಮತ್ತೆ ಹೋದೆ. ಹಿಂದಿನ ದಿನದ ಅಡುಗೆ ಅದೇ ಆಗಿತ್ತು, ಅನ್ನ ಮತ್ತು ಬಂಗಡೆ ಸಾರು. ಈ ಸಲ ಊಟದ ಮಾತೇ ಎತ್ತಲಿಲ್ಲ. "ನಿನ್ನೆ ಎದ್ದದ್ದು ಎಷ್ಟೊತ್ತಿಗೆ?" ಅಂತ ಶುರು ಮಾಡಿದೆ. ನಾಲ್ಕು ಗಂಟೆಗೆ ಎದ್ದಿದ್ದರು. ದೋಣಿ ಬರೋ ಜಾಗಕ್ಕೆ ಹೋದರು. ಅಲ್ಲಿ ಒಂದು ಚಾ, ಒಂದು ಪಾವ್. ಮೀನು ಹರಾಜಾಗೋ ತನಕ ಇನ್ನೊಂದು ಚಾ. ಪೇಟೆಯಲ್ಲಿ ವ್ಯಾಪಾರದ ನಡುವೆ ಒಂದು. ಮನೆಗೆ ಬಂದು ಅಡುಗೆ. ಗಂಡನಿಗೂ ಇಬ್ಬರು ಗಂಡು ಮಕ್ಕಳಿಗೂ ಬಡಿಸಿ, ತಾನು ಕೂತದ್ದು ಮೂರೂವರೆಗೆ. ಊಟ ಆದ ಕೂಡಲೇ ಮತ್ತೊಂದು ಚಾ. ಸಂಜೆ ಇನ್ನೊಂದು. "ನೀವು ಕೂತಾಗ ಪಾತ್ರೆಯಲ್ಲಿ ಏನುಳಿದಿತ್ತು ಅಕ್ಕಾ?" ಅಂದೆ. "ಸಾರು ಇತ್ತು. ಮೀನಿನ ತಲೆ ಒಂದಿತ್ತು. ತುಂಡೆಲ್ಲ ಹುಡುಗರು ಉಂಡ್ರು" ಅಂದರು. ರಾತ್ರಿಯೂ ಹಾಗೇ.

ಹೊಸ ಲೆಕ್ಕ: ಅನ್ನದಿಂದ 23, ಎರಡು ಹೊತ್ತಿನ ತಲೆಯ ಮಾಂಸದಿಂದ ಕಷ್ಟಪಟ್ಟು 4, ಐದು ಚಾದ ಹಾಲಿನಿಂದ 5, ಪಾವಿನಿಂದ 3. ಒಟ್ಟು 35. ಅದೇ ಮನೆ, ಅದೇ ಅಡುಗೆ. ನಾನು ಕೇಳಿದ ರೀತಿ ಬೇರೆಯಾದ್ದರಿಂದ 12 ಗ್ರಾಂ ವ್ಯತ್ಯಾಸ ಬಂತು. ಐದು ಚಾಕ್ಕೆ ಎರಡೆರಡು ಚಮಚದಂತೆ ಸಕ್ಕರೆ 40 ಗ್ರಾಂ ದಾಟಿದ್ದೂ ಆಗಲೇ ಗೊತ್ತಾದದ್ದು.

ಆವತ್ತಿನಿಂದ ಇಲ್ಲಿವರೆಗೆ ನಾನು ಅನುಸರಿಸಿಕೊಂಡು ಬಂದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಅಮ್ಮ, ಅಜ್ಜಿ, ಮಗಳು, ಅಥವಾ ನೀವೇ, ಒಬ್ಬರ ಊಟ ನಿಜವಾಗಿ ಎಷ್ಟಿದೆ ಅಂತ ತಿಳಿಯಬೇಕಾದರೆ ಇದನ್ನು ಮನೆಯಲ್ಲೇ ಮಾಡಬಹುದು.

ಮೊದಲು ಇಷ್ಟು ಗೊತ್ತಿರಲಿ

ಊಟದಿಂದ ದೇಹಕ್ಕೆ ಸಿಗುವ ಶಕ್ತಿಯನ್ನು ಕ್ಯಾಲೊರಿಯಲ್ಲಿ ಅಳೆಯುತ್ತಾರೆ. ಅನ್ನ, ರೊಟ್ಟಿ, ಸಕ್ಕರೆಯಲ್ಲಿರುವ ಪಿಷ್ಟ-ಸಕ್ಕರೆ 1 ಗ್ರಾಮಿಗೆ 4 ಕ್ಯಾಲೊರಿ ಕೊಡುತ್ತದೆ. ಪ್ರೋಟೀನ್ ಕೂಡ 4. ಕೊಬ್ಬು 9. ಈ ಮೂರು ಅಂಕಿ ನೆನಪಿದ್ದರೆ ಯಾವ ಪೊಟ್ಟಣದ ಹಿಂಬದಿಯ ಲೆಕ್ಕವೂ ಅರ್ಥ ಆಗುತ್ತದೆ. ವಿಟಮಿನ್ನು, ಖನಿಜ, ನೀರು ಇವು ಶಕ್ತಿ ಕೊಡೋದಿಲ್ಲ. ಆದರೆ ಇವಿಲ್ಲದೆ ಹೋದರೆ ಶಕ್ತಿ ಇದ್ದೂ ದೇಹ ನಡೆಯೋದಿಲ್ಲ.

ಇದಕ್ಕೆ ನಮ್ಮ ಅಕ್ಕಿಯೇ ಒಳ್ಳೆಯ ಉದಾಹರಣೆ. ಅಕ್ಕಿಯನ್ನು ತೀರಾ ಬೆಳ್ಳಗೆ ಪಾಲಿಶ್ ಮಾಡಿದರೆ ತೌಡಿನ ಜೊತೆ ಥಯಮಿನ್ ಅನ್ನೋ ಬಿ1 ವಿಟಮಿನ್ ಹೋಗುತ್ತದೆ. ಅಂಥ ಅಕ್ಕಿಯನ್ನೇ ನಂಬಿ ಬದುಕಿದವರಿಗೆ ಬೆರಿಬೆರಿ ಅನ್ನೋ ಕಾಯಿಲೆ ಬರುತ್ತಿತ್ತು. ಅದರ ಕಾರಣ ಹುಡುಕಲು 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಶುರು ಮಾಡಿದ ಸಣ್ಣ ಪ್ರಯೋಗಾಲಯವೇ ಬೆಳೆದು ಇವತ್ತು ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ ಆಗಿದೆ. ನಮ್ಮ ಕರಾವಳಿಯ ಕುಚ್ಚಲಕ್ಕಿಯನ್ನು, ಕಾರವಾರದ ಕಡೆ ಉಕಡೆ ಅನ್ನುತ್ತಾರಲ್ಲ ಅದನ್ನು, ಭತ್ತ ಇರುವಾಗಲೇ ಬೇಯಿಸಿ ಒಣಗಿಸುತ್ತಾರೆ. ಹಾಗೆ ಬೇಯುವಾಗ ತೌಡಿನಲ್ಲಿದ್ದ ಥಯಮಿನ್ ಕಾಳಿನ ಒಳಗೆ ಇಳಿಯುತ್ತದೆ. ಆಮೇಲೆ ಗಿರಣಿಗೆ ಹಾಕಿದರೂ ಅದರಲ್ಲಿ ಸಾಕಷ್ಟು ಉಳಿಯುತ್ತದೆ. ಗಂಜಿ ನೀರು ಚೆಲ್ಲದೆ ಕುಡಿದರೆ ಇನ್ನೂ ಒಳ್ಳೆಯದು, ನೀರಿಗಿಳಿದ ಪಾಲೂ ಸಿಗುತ್ತದೆ. ಹಾಗಾಗಿ "ಅನ್ನ" ಅಂತ ಬರೆದರೆ ಸಾಲದು. ಯಾವ ಅಕ್ಕಿ, ಬಸಿದದ್ದೋ ಗಂಜಿಯೋ ಅಂತಲೂ ಬರೆಯಬೇಕು.

ಸೌಟು ಅಳೆಯಿರಿ

ಯಾರನ್ನೂ ಕೇಳುವ ಮೊದಲು ಅಡುಗೆಮನೆಗೆ ಹೋಗಿ. ಅಲ್ಲಿರುವ ಸೌಟು, ಬಟ್ಟಲು, ಲೋಟ, ಅಕ್ಕಿ ಅಳೆಯುವ ಸಿದ್ದೆ, ಎಣ್ಣೆಯ ಚಮಚ ಎಲ್ಲವನ್ನೂ ಮೇಜಿನ ಮೇಲಿಡಿ. ಕೆಲವು ನೂರು ರೂಪಾಯಿಗೆ ಸಿಗುವ ಡಿಜಿಟಲ್ ತಕ್ಕಡಿ ಒಂದಿರಲಿ. ಒಂದೊಂದನ್ನೂ ನೀರು ತುಂಬಿಸಿ ತೂಗಿ, ಖಾಲಿ ಪಾತ್ರೆಯ ತೂಕ ಕಳೆಯಿರಿ. 1 ಗ್ರಾಂ ನೀರು ಅಂದರೆ 1 ಮಿಲಿ. ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ: ಸಾರಿನ ಸೌಟು 150 ಮಿಲಿ, ಸ್ಟೀಲ್ ಬಟ್ಟಲು 180, ಚಾ ಲೋಟ 120, ಹೀಗೆ. ಅನ್ನದ ಸೌಟನ್ನು ಮಾತ್ರ ನೀರಿನಲ್ಲಿ ಅಳೆಯಬೇಡಿ. ಮನೆಯವರು ಬಡಿಸುವ ಹಾಗೆಯೇ ಗೋಪುರ ಮಾಡಿ ತುಂಬಿಸಿ, ಅನ್ನವನ್ನೇ ತೂಗಿ.

ಸಿದ್ದೆ ವಿಷಯದಲ್ಲಿ ಹುಷಾರು. ಶಿರಸಿಯ ಕಡೆ ಒಂದು ಮನೆಯ ಸಿದ್ದೆಗೂ ಪಕ್ಕದ ಮನೆಯ ಸಿದ್ದೆಗೂ ಸರಿಹೋಗೋದಿಲ್ಲ. ಅಜ್ಜನ ಕಾಲದ್ದು, ತುದಿ ನೆಗ್ಗಿದ್ದು, ಹೊಸದಾಗಿ ತಂದದ್ದು ಎಲ್ಲ ಬೇರೆ ಬೇರೆ. "ಒಂದು ಸಿದ್ದೆ ಅಕ್ಕಿ" ಅಂತ ಹೇಳಿದರೆ ಆ ಮನೆಯ ಸಿದ್ದೆಯಲ್ಲಿ ಆ ಮನೆಯ ಅಕ್ಕಿ ತುಂಬಿಸಿಯೇ ತೂಗಿ.

ಅಕ್ಕಿ ಎಷ್ಟು ಅನ್ನವಾಗುತ್ತದೆ ಅಂತಲೂ ಒಮ್ಮೆ ನೋಡಿಟ್ಟುಕೊಳ್ಳಿ. ನಮ್ಮ ಮನೆಯಲ್ಲಿ 200 ಗ್ರಾಂ ಕುಚ್ಚಲಕ್ಕಿ ಬೇಯಿಸಿ ಬಸಿದರೆ 560 ಗ್ರಾಂ ಅನ್ನ ಆಗುತ್ತದೆ, ಅಂದರೆ 2.8 ಪಟ್ಟು. ನಮ್ಮ ಅನ್ನದ ಸೌಟಿಗೆ 90 ಗ್ರಾಂ ಹಿಡಿಯುತ್ತದೆ. 90ನ್ನು 2.8ರಿಂದ ಭಾಗಿಸಿದರೆ ಒಂದು ಸೌಟು ಅನ್ನದಲ್ಲಿ 32 ಗ್ರಾಂ ಅಕ್ಕಿ. ಯಾಕೆ ಅಕ್ಕಿಗೆ ಇಳಿಸಬೇಕು ಅಂದರೆ, ಪೋಷಕಾಂಶದ ಕೋಷ್ಟಕಗಳು ಬೇಯಿಸದ ಪದಾರ್ಥದ ಮೇಲೆ ಇರುತ್ತವೆ. ಬೆಂದ ಅನ್ನದಲ್ಲಿ ಬಹುಪಾಲು ನೀರು. ಅನ್ನದ ತೂಕಕ್ಕೆ ಅಕ್ಕಿಯ ಅಂಕಿ ಹಾಕಿದರೆ ಲೆಕ್ಕ ಹೆಚ್ಚೂಕಡಿಮೆ ಮೂರು ಪಟ್ಟು ಉಬ್ಬುತ್ತದೆ. ಹೊಸಬರು ಮಾಡುವ ತಪ್ಪುಗಳಲ್ಲಿ ಇದೇ ಜಾಸ್ತಿ.

ನಿನ್ನೆಯ ದಿನದ ಜೊತೆ ನಡೆಯಿರಿ

ಹಿಂದಿನ 24 ಗಂಟೆಯಲ್ಲಿ ತಿಂದದ್ದನ್ನು ಕೇಳಿ ಬರೆಯೋದು ಈ ಕೆಲಸದ ಬೆನ್ನೆಲುಬು. ಅಮೆರಿಕದ ಕೃಷಿ ಇಲಾಖೆಯವರು ಇದನ್ನು ಐದು ಸುತ್ತಿನ ಪ್ರಶ್ನೆಯಾಗಿ ಮಾಡಿದ್ದಾರೆ. ನಾನೂ ಐದು ಸುತ್ತೇ ಕೇಳುತ್ತೇನೆ, ನಮ್ಮ ಊರಿಗೆ ಹೊಂದಿಸಿಕೊಂಡು.

ಮೊದಲ ಸುತ್ತಿನಲ್ಲಿ ಅವರೇ ಮಾತಾಡಲಿ. ನಡುವೆ ಬಾಯಿ ಹಾಕಬೇಡಿ, ಎಷ್ಟು ಅಂತ ಕೇಳಬೇಡಿ. ಹೆಸರು ಮಾತ್ರ ಬರೆದುಕೊಳ್ಳಿ. ನಾನು ಎದ್ದ ಹೊತ್ತಿನಿಂದ ಶುರು ಮಾಡುತ್ತೇನೆ. ಕೊಟ್ಟಿಗೆ ಕೆಲಸ, ನೀರು ತಂದದ್ದು, ತೋಟಕ್ಕೆ ಹೋದದ್ದು, ಬಸ್ಸು ಹಿಡಿದದ್ದು, ಧಾರಾವಾಹಿ ನೋಡಿದ್ದು. ಊಟದ ನೆನಪು ಕೆಲಸದ ನೆನಪಿಗೆ ಅಂಟಿಕೊಂಡಿರುತ್ತದೆ. ಕೆಲಸ ನೆನಪಾದರೆ ಬಾಯಿಗೆ ಹೋದದ್ದೂ ನೆನಪಾಗುತ್ತದೆ.

ಎರಡನೇ ಸುತ್ತು ಮರೆತದ್ದಕ್ಕೆ. ಇದು ಊರಿಂದ ಊರಿಗೆ ಬೇರೆ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಹವ್ಯಕರ ಮನೆಗಳಲ್ಲಿ "ತಿಂಡಿ ಏನು, ಊಟ ಏನು" ಅಂತ ಕೇಳಿದರೆ ಆಸ್ರಿ ತಪ್ಪಿಹೋಗುತ್ತದೆ. ಆಸ್ರಿ ಅಂದರೆ ನಡುಹೊತ್ತಿನಲ್ಲಿ ಕುಡಿಯೋದು. ಚಾ, ಬೆಲ್ಲ ಹಾಕಿದ ಕಷಾಯ, ಮಜ್ಜಿಗೆ, ಪಾನಕ. ಮನೆಗೆ ಯಾರೇ ಬಂದರೂ "ಆಸ್ರಿಗೆ ಎಂತ ಅಡ್ಡಿಲ್ಲೆ?" ಅನ್ನುತ್ತಾರೆ, ಬಂದವರ ಜೊತೆ ಮನೆಯವರೂ ಅರ್ಧ ಲೋಟ ಕುಡಿಯುತ್ತಾರೆ. ನಿನ್ನೆ ಮನೆಗೆ ಯಾರು ಬಂದಿದ್ದರು ಅಂತ ಕೇಳಿ, ಆಗ ಸಿಗುತ್ತದೆ. ಹಲಸಿನ ಹಪ್ಪಳ, ಅದರ ಜೊತೆ ಕಡಿದ ಕಾಯಿಚೂರು, ಬಾಳೆಕಾಯಿ ಚಿಪ್ಸು ಇವೂ ಮಾತಿನ ನಡುವೆ ಕರಗಿಹೋಗುವ ತಿನಿಸುಗಳು. ಕವಳ, ಅಂದರೆ ಎಲೆ-ಅಡಿಕೆ, ಹಾಕುವವರಾದರೆ "ಕವಳ ಎಷ್ಟು ಸಲ ಹಾಕಿದ್ರಿ?" ಅಂತ ಕೇಳುವುದು ನನ್ನ ಅಭ್ಯಾಸ. ಹೆಚ್ಚಿನ ಸಲ ಅದರ ಹಿಂದೆ ಏನೋ ಒಂದು ತಿಂದಿರುತ್ತಾರೆ.

ಘಟ್ಟದ ಕೆಳಗೆ ಮರೆಯುವ ಪಟ್ಟಿ ಬೇರೆ. ಪೇಟೆಯ ಚಾ, ಬನ್ಸು, ಸಂತೆಯಲ್ಲಿ ಕೊಂಡ ಭಜಿ, ಮೀನು ಹುರಿಯುವಾಗ ಒಲೆ ಬುಡದಲ್ಲೇ ತಿಂದ ತುಂಡು, ಮಗು ಬಿಟ್ಟ ಅನ್ನ. ಹೆಂಗಸರು ಮಗು ಬಿಟ್ಟದ್ದನ್ನು ಊಟ ಅಂತ ಎಣಿಸೋದೇ ಇಲ್ಲ. "ಚೆಲ್ಲೋದು ಬೇಡ ಅಂತ ಬಾಯಿಗೆ ಹಾಕಿದೆ" ಅನ್ನುತ್ತಾರೆ. ಬರೆದುಕೊಳ್ಳಿ.

ಮೂರನೇ ಸುತ್ತಿನಲ್ಲಿ ಹೊತ್ತು. ಪ್ರತಿಯೊಂದರ ಮುಂದೆ ಗಂಟೆ ಬರೆಯಿರಿ, ಎಲ್ಲಿ ತಿಂದದ್ದು ಅಂತಲೂ ಬರೆಯಿರಿ. ಎರಡು ಹೊತ್ತಿನ ನಡುವೆ ಆರು ಗಂಟೆ ಖಾಲಿ ಕಂಡರೆ ಅಲ್ಲಿ ಮತ್ತೊಮ್ಮೆ ಕೇಳಿ. ನಿಜವಾಗಿಯೂ ಖಾಲಿ ಇದ್ದಿರಬಹುದು, ಅದೂ ಒಂದು ಸಂಗತಿಯೇ.

ನಾಲ್ಕನೇ ಸುತ್ತು ದೊಡ್ಡದು. ಇಲ್ಲಿ ಎಷ್ಟು, ಹೇಗೆ ಮಾಡಿದ್ದು, ಏನು ಹಾಕಿದ್ದು. ಮೊದಲೇ ಅಳೆದಿಟ್ಟ ಸೌಟು, ಬಟ್ಟಲು ಎದುರಿಗಿಡಿ. "ಸ್ವಲ್ಪ", "ಒಂಚೂರು" ಅನ್ನೋ ಮಾತನ್ನು ಹಾಗೇ ಬಿಡಬೇಡಿ. "ಇದರಲ್ಲಿ ತೋರಿಸಿ ಅಕ್ಕಾ" ಅಂತ ಸೌಟು ಅವರ ಕೈಗೆ ಕೊಡಿ. ಕೈ ಸರಿಯಾಗಿ ಹೇಳುತ್ತದೆ. ಮೀನಾದರೆ ಎಷ್ಟು ತುಂಡು, ತಲೆಯೋ ನಡುವಿನದೋ ಬಾಲವೋ. ದೊಡ್ಡ ಮೀನು ಇಸ್ವಾಣದ ಒಂದು ತುಂಡಿಗೂ ಸಣ್ಣ ತಾರ್ಲೆಯ ಒಂದು ಮೀನಿಗೂ ಹೋಲಿಕೆಯೇ ಇಲ್ಲ. ತಾರ್ಲೆಯನ್ನು ಮೆತ್ತಗಿನ ಮುಳ್ಳು ಸಮೇತ ಅಗಿದು ತಿಂದರಾ ಅಂತ ಕೇಳಿ, ಕ್ಯಾಲ್ಸಿಯಂ ಇರೋದು ಆ ಮುಳ್ಳಿನಲ್ಲಿ. ಅಘನಾಶಿನಿ ಹೊಳೆಯ ಚಿಪ್ಪಿಕಲ್ಲು ಆದರೆ ಚಿಪ್ಪಿನ ತೂಕ ಬಿಟ್ಟು ಒಳಗಿನ ಮಾಂಸ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

ಕೊನೆಯ ಸುತ್ತಿನಲ್ಲಿ ಬರೆದದ್ದನ್ನೆಲ್ಲ ಓದಿ ಹೇಳಿ. "ಬಿಟ್ಟುಹೋದದ್ದು ಏನಾದರೂ ಇದ್ಯಾ?" ಅಂತ ಕೇಳಿ ಸುಮ್ನೆ ಕೂತಿರಿ. ಪುಸ್ತಕ ಮುಚ್ಚಬೇಡಿ. ಅರ್ಧ ನಿಮಿಷದ ಆ ಮೌನದಲ್ಲಿ ಎಷ್ಟೋ ಸಲ ಒಂದು ಬಾಳೆಹಣ್ಣು, ಒಂದು ಲೋಟ ಹಾಲು, ಮಗನ ಜೊತೆ ತಿಂದ ಒಂದು ಐಸ್‌ಕ್ರೀಮು ಹೊರಗೆ ಬಂದದ್ದನ್ನು ನೋಡಿದ್ದೇನೆ.

ಕೇಳುವಾಗ ನಿಮ್ಮ ಮುಖದ ಮೇಲೂ ಗಮನ ಇರಲಿ. ಅವರು "ಬಸಳೆ ಪಲ್ಯ" ಅಂದಾಗ ನೀವು ಖುಷಿಯಿಂದ ತಲೆ ಆಡಿಸಿದರೆ, ಮುಂದಿನ ಹೊತ್ತಿಗೆ ಅವರು ಹರಿವೆ ಸೊಪ್ಪನ್ನೂ ಸೇರಿಸಿ ಹೇಳುತ್ತಾರೆ. "ಕರಿದದ್ದು" ಅಂದಾಗ ಹುಬ್ಬು ಏರಿದರೆ ಮುಂದಿನ ಕರಿದದ್ದು ಪುಸ್ತಕಕ್ಕೆ ಬರೋದೇ ಇಲ್ಲ. ಯಾರೂ ಸುಳ್ಳು ಹೇಳಬೇಕು ಅಂತ ಹೇಳೋದಿಲ್ಲ. ಎದುರಿಗಿದ್ದವರಿಗೆ ಬೇಜಾರಾಗದಿರಲಿ ಅಂತ ಹೇಳುತ್ತಾರೆ. "ಹಾಲು ಕುಡಿದ್ರಾ?" ಅಂತ ಕೇಳಿದರೆ "ಹೂಂ" ಅನ್ನೋದು ಸುಲಭ. "ಅದರ ಜೊತೆ ಏನಿತ್ತು?" ಅಂತ ಕೇಳಿದರೆ ಅವರು ನೆನಪು ಮಾಡಿಕೊಳ್ಳಲೇಬೇಕು. ಸಾಧ್ಯವಾದರೆ ಅತ್ತೆಯ ಎದುರು ಸೊಸೆಯನ್ನು, ಗಂಡನ ಎದುರು ಹೆಂಡತಿಯನ್ನು ಕೇಳಬೇಡಿ. ಪಾತ್ರೆಯಲ್ಲಿ ಏನೂ ಉಳಿದಿರಲಿಲ್ಲ ಅನ್ನೋ ಮಾತು ಅವರ ಎದುರು ಬಾಯಿಂದ ಬರೋದಿಲ್ಲ.

ಪಾತ್ರೆಯಿಂದ ತಟ್ಟೆಗೆ

ನಮ್ಮ ಊಟ ಒಂದೇ ಪಾತ್ರೆಯದ್ದು. ಐದು ಜನರ ಸಾರಿನಲ್ಲಿ ಒಬ್ಬರ ಪಾಲು ತೆಗೆಯೋದು ಹೇಗೆ? ಮೊನ್ನೆ ನಮ್ಮ ಮನೆಯ ಸಾರನ್ನೇ ತೆಗೆದುಕೊಳ್ಳಿ. ತೊಗರಿಬೇಳೆ 100 ಗ್ರಾಂ ಹಾಕಿದ್ದೆ. ಕುದಿಸಿ ಇಳಿಸಿದಾಗ ಸಾರು ಒಟ್ಟು 1500 ಮಿಲಿ, ಅಂದರೆ ನಮ್ಮ ಸೌಟಿನಲ್ಲಿ 10. ಅಮ್ಮ ಎರಡು ಹೊತ್ತು ಸೇರಿ 2 ಸೌಟು ಹಾಕಿಕೊಂಡರು. ಹಾಗಾದರೆ ಅವರಿಗೆ ಹೋದ ಬೇಳೆ 20 ಗ್ರಾಂ. ತೊಗರಿಬೇಳೆಯಲ್ಲಿ 100 ಗ್ರಾಮಿಗೆ ಸುಮಾರು 22 ಗ್ರಾಂ ಪ್ರೋಟೀನ್. ಅಮ್ಮನಿಗೆ ಸಿಕ್ಕಿದ್ದು ನಾಲ್ಕೂವರೆ ಗ್ರಾಮಿಗಿಂತ ಕಡಿಮೆ.

ಲೆಕ್ಕ ಇಷ್ಟೇ. ಪಾತ್ರೆಗೆ ಹಾಕಿದ ಪದಾರ್ಥವನ್ನು ಅಡುಗೆಯ ಒಟ್ಟು ಅಳತೆಯಿಂದ ಭಾಗಿಸಿ, ಆ ಒಬ್ಬರು ಬಡಿಸಿಕೊಂಡ ಅಳತೆಯಿಂದ ಗುಣಿಸಿ. ನಮ್ಮ ದೇಶದ ಆಹಾರ ಸಮೀಕ್ಷೆಗಳಲ್ಲಿ ಮನೆ ಮನೆಗೆ ಹೋಗಿ ಮಾಡುತ್ತಿದ್ದದ್ದೂ ಇದನ್ನೇ. ರಾಷ್ಟ್ರೀಯ ಪೋಷಣಾ ನಿಗಾ ಸಂಸ್ಥೆಯವರು 1972ರಿಂದ ಹೀಗೆ ಅಳತೆಯ ಬಟ್ಟಲುಗಳನ್ನು ಜೊತೆಗಿಟ್ಟುಕೊಂಡೇ ಹಳ್ಳಿ ಸುತ್ತಿದರು.

"ನಾವು ದಿನಾ ಬೇಳೆ ಸಾರು ಮಾಡ್ತೇವೆ, ಪ್ರೋಟೀನಿಗೆ ಏನೂ ಕೊರತೆ ಇಲ್ಲ" ಅಂತ ಹೇಳುವ ಮನೆಗಳಲ್ಲಿ ಈ ಲೆಕ್ಕ ತೋರಿಸಿದಾಗ ಅವರಿಗೇ ಆಶ್ಚರ್ಯ ಆಗುತ್ತದೆ. ತಿಳಿಸಾರು ರುಚಿಗೆ ಒಳ್ಳೆಯದು, ಆದರೆ ಅದನ್ನು ಬೇಳೆಯ ಲೆಕ್ಕಕ್ಕೆ ಹಿಡಿಯೋಕೆ ಆಗೋದಿಲ್ಲ. ತಂಬುಳಿ, ಅಪ್ಪೆಹುಳಿಯಂಥವು ಇನ್ನೂ ತೆಳು. ಶಿರಸಿಯ ಕಡೆಯ ಸಸ್ಯಾಹಾರಿ ಮನೆಗಳಲ್ಲಿ ಪ್ರೋಟೀನ್ ಎಲ್ಲಿಂದ ಬರುತ್ತಿದೆ ಅಂತ ನೋಡಬೇಕಾದರೆ ಮಜ್ಜಿಗೆಗೆ ನೀರು ಎಷ್ಟು ಬೆರೆಸಿದ್ದಾರೆ ಅಂತ ಕೇಳಿ. ಒಂದು ಪಾಲು ಮೊಸರಿಗೆ ನಾಲ್ಕು ಪಾಲು ನೀರು ಹಾಕಿದ ಒಂದು ಲೋಟ ಮಜ್ಜಿಗೆಯಲ್ಲಿ ಮೊಸರು ಲೋಟದ ಐದನೇ ಒಂದು ಪಾಲು ಅಷ್ಟೇ.

ಕಾಯಿ, ಎಣ್ಣೆ, ಉಪ್ಪು

ಈ ಮೂರನ್ನು ಕೇಳಿ ತಿಳಿಯೋದು ಕಷ್ಟ. ಯಾರಿಗೂ ತಟ್ಟೆಯಲ್ಲಿ ಕಾಣೋದಿಲ್ಲ.

ಎಣ್ಣೆಗೆ ಪ್ಯಾಕೆಟ್ಟಿನ ಲೆಕ್ಕ ಹಿಡಿಯಿರಿ. ಒಡೆದ ದಿನ ಪ್ಯಾಕೆಟ್ಟಿನ ಮೇಲೆ ತಾರೀಕು ಬರೆಯಿರಿ, ಮುಗಿದ ದಿನ ಇನ್ನೊಂದು ತಾರೀಕು. 1 ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ನಾಲ್ಕು ಜನರ ಮನೆಯಲ್ಲಿ 8 ದಿನಕ್ಕೆ ಮುಗಿದರೆ ಒಬ್ಬರಿಗೆ ದಿನಕ್ಕೆ 28 ಗ್ರಾಂ. ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿಯ ಊಟಕ್ಕೆ ಎಣ್ಣೆ-ಕೊಬ್ಬು 27 ಗ್ರಾಂ ಅಂತ ಇದೆ.

ನಮ್ಮ ಜಿಲ್ಲೆಯಲ್ಲಿ ಇಲ್ಲಿಗೇ ನಿಲ್ಲಿಸಿದರೆ ಲೆಕ್ಕ ತಪ್ಪುತ್ತದೆ. ನಮ್ಮ ಕೊಬ್ಬು ಪ್ಯಾಕೆಟ್ಟಿನಲ್ಲಿ ಬರೋದಿಲ್ಲ, ಮರದಿಂದ ಬೀಳುತ್ತದೆ. ನಾನು ಒಂದು ಮಧ್ಯಮ ಗಾತ್ರದ ಕಾಯಿ ತುರಿದು ತೂಗಿದೆ, 220 ಗ್ರಾಂ ಬಂತು. ಹಸಿ ಕಾಯಿತುರಿಯಲ್ಲಿ 100 ಗ್ರಾಮಿಗೆ ಸುಮಾರು 400 ಕ್ಯಾಲೊರಿ, ಕೊಬ್ಬು ಸುಮಾರು 40 ಗ್ರಾಂ. ಆ ಒಂದು ಕಾಯಿಯಲ್ಲಿ 880 ಕ್ಯಾಲೊರಿ, 88 ಗ್ರಾಂ ಕೊಬ್ಬು. ಐದು ಜನ ಹಂಚಿಕೊಂಡರೂ ತಲೆಗೆ 176 ಕ್ಯಾಲೊರಿ, 17–18 ಗ್ರಾಂ ಕೊಬ್ಬು, ಅದರಲ್ಲಿ ಬಹುಪಾಲು ಸ್ಯಾಚುರೇಟೆಡ್, ಅಂದರೆ ತಂಪಿಗೆ ಗಟ್ಟಿಯಾಗುವ ಜಾತಿಯದು. "ನಾವು ಎಣ್ಣೆ ಬಹಳ ಕಡಿಮೆ ಬಳಸ್ತೇವೆ" ಅನ್ನುವ ಮನೆಯಲ್ಲಿ ದಿನಕ್ಕೆ ಎಷ್ಟು ಕಾಯಿ ಒಡೆಯುತ್ತಾರೆ ಅಂತ ಕೇಳಿ. ಕಾಯಿ ಬಿಡಿ ಅಂತ ನಾನು ಹೇಳೋದಿಲ್ಲ. ಕಾಯಿ ಇಲ್ಲದ ಮೀನುಸಾರನ್ನು ನನಗೆ ಊಹಿಸಲೂ ಆಗೋದಿಲ್ಲ. ಆದರೆ ಗದ್ದೆ ಕೆಲಸ ಮಾಡುವವರಿಗೂ ಕೂತು ಕೆಲಸ ಮಾಡುವವರಿಗೂ ಒಂದೇ ಅಳತೆಯ ಕಾಯಿ ಸರಿಯಾಗೋದಿಲ್ಲ. ಅದಕ್ಕೇ ಅದನ್ನು ಪುಸ್ತಕದಲ್ಲಿ ಬರೆಯಲೇಬೇಕು.

ಉಪ್ಪಿಗೂ ತಾರೀಕು ಹಾಕಿ. ದಿನಕ್ಕೆ 5 ಗ್ರಾಂ ಒಳಗಿರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಲೆಕ್ಕದಲ್ಲಿ ನಾಲ್ಕು ಜನರಿಗೆ 1 ಕಿಲೋ ಉಪ್ಪು 50 ದಿನ ಬರಬೇಕು. 30 ದಿನಕ್ಕೆ ಮುಗಿದರೆ ತಲೆಗೆ 8 ಗ್ರಾಂ ದಾಟಿತು. ಉಪ್ಪಿನಕಾಯಿಗೆ, ಮೀನು ತೊಳೆಯೋಕೆ ಹೋದದ್ದನ್ನು ಕಳೆಯಿರಿ. ಹಪ್ಪಳ, ಒಣಮೀನು, ಮಿಡಿ ಉಪ್ಪಿನಕಾಯಿಯಲ್ಲಿ ಬಂದದ್ದನ್ನು ಕೂಡಿಸಿ. ಹರಳುಪ್ಪು ಬಳಸುವ ಮನೆಯಾದರೆ ಚಮಚದ ಅಳತೆ ನಂಬಬೇಡಿ, ತೂಗಿ. ಹರಳಿನ ನಡುವೆ ಗಾಳಿ ಇರುವುದರಿಂದ ಅದೇ ಚಮಚದಲ್ಲಿ ಪುಡಿ ಉಪ್ಪಿಗಿಂತ ಕಡಿಮೆ ಹಿಡಿಯುತ್ತದೆ. ಆ ಉಪ್ಪಿಗೆ ಅಯೋಡಿನ್ ಸೇರಿಸಿದ್ದಾರಾ ಅಂತಲೂ ಕೇಳಿ ಬರೆಯಿರಿ.

ಎಷ್ಟು ದಿನ ಬರೆಯಬೇಕು

ಒಂದು ದಿನದ ಲೆಕ್ಕ ಇಡೀ ಊರಿನ ಸರಾಸರಿಗೆ ಸಾಕಾಗಬಹುದು, ಒಬ್ಬರ ಅಭ್ಯಾಸ ಹೇಳೋಕೆ ಸಾಲದು. ಕಡಿಮೆ ಅಂದರೂ ಮೂರು ದಿನ, ಒಂದರ ಹಿಂದೆ ಒಂದಲ್ಲದ ದಿನಗಳು, ಅದರಲ್ಲಿ ಒಂದು ಭಾನುವಾರ. ನಮ್ಮಲ್ಲಿ ಅನೇಕ ಮನೆಗಳಲ್ಲಿ ಸೋಮವಾರ ಮೀನು ತರೋದಿಲ್ಲ. ಮೂರೂ ಸಲ ಮಂಗಳವಾರ ಹೋಗಿ ಕೇಳಿದರೆ ಅವರು ಸೋಮವಾರದ್ದನ್ನೇ ಹೇಳುತ್ತಾರೆ, ನಿಮ್ಮ ಪುಸ್ತಕದಲ್ಲಿ ಆ ಮನೆ ಸಸ್ಯಾಹಾರಿ ಆಗಿಬಿಡುತ್ತದೆ. ಬಂಡಿಹಬ್ಬದ ಮರುದಿನ, ಮದುವೆ ಊಟದ ಮರುದಿನ ಕೇಳಲು ಹೋಗಬೇಡಿ. ಹೋದರೂ "ಹಬ್ಬದ ದಿನ" ಅಂತ ಪಕ್ಕದಲ್ಲಿ ಬರೆದಿಡಿ.

ತಿಂದ ಕೂಡಲೇ ಬರೆಯುವ ಡೈರಿ ಇನ್ನೊಂದು ದಾರಿ. ಮರೆವು ಕಡಿಮೆ. ಆದರೆ ಬರೆಯಬೇಕಲ್ಲ ಅಂತ ಜನ ತಿನ್ನೋದನ್ನೇ ಬದಲಿಸುತ್ತಾರೆ. ಎರಡನೇ ಹೋಳಿಗೆ ಬರೆಯೋಕೆ ಬೇಜಾರಾಗಿ ಬಿಡುತ್ತಾರೆ. ನೀವು ನಿಮ್ಮದೇ ಊಟ ಬರೆಯುತ್ತಿದ್ದರೆ ಡೈರಿ ಒಳ್ಳೆಯದು. ಅಮ್ಮನದ್ದಾದರೆ ಕೇಳಿ ಬರೆಯೋದೇ ಮೇಲು.

ಲೆಕ್ಕ ಬಂದ ಮೇಲೆ

ಯಾವ ಪದಾರ್ಥದಲ್ಲಿ ಎಷ್ಟಿದೆ ಅಂತ ನೋಡಲು ಪೋಷಣಾ ಸಂಸ್ಥೆಯ 2017ರ ಭಾರತೀಯ ಆಹಾರ ಸಂಯೋಜನೆಯ ಕೋಷ್ಟಕ ಬಳಸಿ. ಅದರಲ್ಲಿ ನಮ್ಮ ದೇಶದ 528 ಆಹಾರಗಳಿವೆ, ಸಮುದ್ರದ ಮೀನುಗಳೂ ಇವೆ. ಬೇರೆ ದೇಶದ ಮೊಬೈಲ್ ಆ್ಯಪುಗಳಲ್ಲಿ "ಫಿಶ್ ಕರಿ" ಅಂತ ಒತ್ತಿದರೆ ಬರುವ ಅಂಕಿಗೂ ನಮ್ಮ ಬಂಗಡೆ ಸಾರಿಗೂ ಸಂಬಂಧ ಇರೋದಿಲ್ಲ.

ಹೋಲಿಸಲು ಅದೇ ಸಂಸ್ಥೆಯ 2020ರ ಶಿಫಾರಸು ಇದೆ. ದೊಡ್ಡವರಿಗೆ ಪ್ರೋಟೀನ್ ದಿನಕ್ಕೆ, ತೂಕದ ಪ್ರತಿ ಕಿಲೋಗೆ 0.83 ಗ್ರಾಂ. 55 ಕಿಲೋ ಹೆಂಗಸಿಗೆ ಸುಮಾರು 46 ಗ್ರಾಂ, 65 ಕಿಲೋ ಗಂಡಸಿಗೆ 54. ಕಬ್ಬಿಣ ಹೆಂಗಸರಿಗೆ 29 ಮಿಲಿಗ್ರಾಂ, ಗಂಡಸರಿಗೆ 19. ಕ್ಯಾಲ್ಸಿಯಂ 1000 ಮಿಲಿಗ್ರಾಂ. ಈ ಅಂಕಿಗಳನ್ನು ಹೆಚ್ಚೂಕಡಿಮೆ ಎಲ್ಲರಿಗೂ ಸಾಕಾಗಲಿ ಅಂತ ಸ್ವಲ್ಪ ಎತ್ತರದಲ್ಲೇ ಇಟ್ಟಿದ್ದಾರೆ. ಒಂದು ದಿನ ಅದಕ್ಕಿಂತ ಕಡಿಮೆ ಬಂತು ಅಂದಮಾತ್ರಕ್ಕೆ ಕಾಯಿಲೆ ಅಂತ ಅಲ್ಲ. ತಿಂಗಳುಗಟ್ಟಲೆ ಕಡಿಮೆ ಇದ್ದರೆ ಯೋಚನೆ ಮಾಡಬೇಕು. ರಕ್ತಹೀನತೆ ಇದೆಯಾ ಅಂತ ರಕ್ತ ಪರೀಕ್ಷೆ ಹೇಳಬೇಕು, ಊಟದ ಪುಸ್ತಕ ಅಲ್ಲ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇದ್ದವರು ಪುಸ್ತಕ ತೆಗೆದುಕೊಂಡು ಡಾಕ್ಟರ ಹತ್ತಿರ ಹೋಗಿ, ತಾವೇ ಬದಲಾವಣೆ ಮಾಡಿಕೊಳ್ಳಬೇಡಿ.

ಮೀನು ಮಾರುವ ಅಕ್ಕನಿಗೆ ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟರು. ಊಟದಲ್ಲಿ ನಾವು ಬದಲಿಸಿದ್ದು ಎರಡೇ. ಒಂದು, ಊಟದ ಬೆನ್ನಿಗೇ ಕುಡಿಯುತ್ತಿದ್ದ ಚಾವನ್ನು ಒಂದು ಗಂಟೆ ಮುಂದಕ್ಕೆ ಹಾಕಿದೆವು. ಚಾದಲ್ಲಿರುವ ಒಗರು ಪದಾರ್ಥ, ಸೊಪ್ಪು-ಕಾಳು-ಅನ್ನದಲ್ಲಿನ ಕಬ್ಬಿಣವನ್ನು ದೇಹ ಹೀರಿಕೊಳ್ಳದ ಹಾಗೆ ತಡೆಯುತ್ತದೆ. ಅದರ ಬದಲಿಗೆ ಊಟಕ್ಕೆ ಲಿಂಬೆ ಹಿಂಡಿಕೊಳ್ಳಿ, ಪೇರಲ ಸಿಕ್ಕಿದಾಗ ತಿನ್ನಿ ಅಂದೆ. ಅವುಗಳ ಸಿ ವಿಟಮಿನ್ ಕಬ್ಬಿಣವನ್ನು ಹೀರಿಕೊಳ್ಳಲು ಸಹಾಯ ಮಾಡುತ್ತದೆ. ಎರಡನೆಯದು, ಸಾರು ಇಳಿಸಿದ ಕೂಡಲೇ, ಯಾರಿಗೂ ಬಡಿಸುವ ಮೊದಲೇ, ಒಂದು ಬಂಗಡೆಯನ್ನು ಮುಚ್ಚಳದ ಡಬ್ಬಿಗೆ ಹಾಕಿ ಇಡೋದು. ಇದನ್ನು ಅವರ ಸಣ್ಣ ಮಗನಿಗೇ ಒಪ್ಪಿಸಿದೆ. ಅವನು ಹತ್ತನೇ ಕ್ಲಾಸಿನಲ್ಲಿದ್ದ. "ಆಯಿಯ ಡಬ್ಬಿ", ಅಂದರೆ ಅಮ್ಮನ ಡಬ್ಬಿ, ಅಂತ ಅದಕ್ಕೆ ಹೆಸರಿಟ್ಟ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯೋದಿಲ್ಲ. ಚಳಿಗಾಲದಲ್ಲಿ ಬರೆದ ಲೆಕ್ಕ ಆ ದಿನಗಳಿಗೆ ಹೊಂದೋದಿಲ್ಲ. ಅದಕ್ಕೇ ನಾನು ಕರಾವಳಿಯ ಮನೆಗಳಲ್ಲಿ ವರ್ಷಕ್ಕೆ ಎರಡು ಸಲವಾದರೂ ಬರೆಯುತ್ತೇನೆ, ಒಮ್ಮೆ ಡಿಸೆಂಬರಿನಲ್ಲಿ, ಒಮ್ಮೆ ಜುಲೈಯಲ್ಲಿ. ಆ ವರ್ಷ ಜುಲೈಯಲ್ಲಿ ಅಕ್ಕನ ಮನೆಗೆ ಹೋದಾಗ ಬಂಗಡೆ ಇರಲಿಲ್ಲ. ಒಣ ಶೆಟ್ಲಿ (ಸೀಗಡಿ) ಚಟ್ನಿ, ಹಲಸಿನಕಾಯಿ ಪಲ್ಯ, ಗಂಜಿ ಇತ್ತು. ಚಟ್ನಿಯನ್ನು ಚಮಚದಲ್ಲಿ ತೋರಿಸಿ ಅಂದೆ, ಎರಡು ಚಮಚ ತೋರಿಸಿದರು. ಪ್ರೋಟೀನ್ ಕಾಲಂ ಮತ್ತೆ ಇಳಿದಿತ್ತು, ಉಪ್ಪಿನದು ಏರಿತ್ತು. ಬರೆಯುತ್ತಾ ಇರುವಾಗ ಸಣ್ಣ ಮಗ ಒಳಗಿಂದ ಅದೇ ಮುಚ್ಚಳದ ಡಬ್ಬಿ ತಂದು ತೆರೆದು ತೋರಿಸಿದ. ಒಳಗೆ ಬೇಯಿಸಿದ ಮೊಟ್ಟೆ ಒಂದಿತ್ತು. "ಮೀನಿಲ್ಲ ಅಲ್ವಾ ಅಕ್ಕಾ, ಇದನ್ನೂ ಬರ್ಕೊಳ್ಳಿ" ಅಂದ. ಮೊಟ್ಟೆಗೆ 6 ಗ್ರಾಂ ಅಂತ ಬರೆದುಕೊಂಡೆ.